ಬೀಡಿ ಬ್ರಾಂಚಿನಿಂದ ಮೊಬೈಲ್ ಆ್ಯಪ್‌ವರೆಗೆ...

ಮೊನ್ನೆ ಭಾನುವಾರ ರಾತ್ರಿ ಸೋಲದೇವನಹಳ್ಳಿಯ ನಮ್ಮ ರೂಮಿಗೆ ಊಟ ತಂದುಕೊಟ್ಟ ಹುಡುಗನ ಮೊಣಕೈಗೆ ಬ್ಯಾಂಡೇಜ್ ಇತ್ತು. ಹೆಸರಘಟ್ಟ ರೋಡಿನಲ್ಲಿ ಬೈಕ್ ಸ್ಕಿಡ್ ಆಯ್ತಂತೆ. "ರಜೆ ಹಾಕೋದಲ್ವೇನಪ್ಪಾ?" ಅಂದೆ. "ರಜೆ ಕೊಡೋರು ಯಾರಣ್ಣ? ಆ್ಯಪಲ್ಲಿ ನಾನು ಕೆಲಸದವನಲ್ಲ, ಪಾರ್ಟ್ನರು!" ಅಂತ ನಕ್ಕು ಹೋದ. ಯಾವ ಕಂಪನಿ ಅನ್ನೋದು ಬಿಡಿ.

ನಾನೂ ಕೋಡ್ ಬರೆದು ಹೊಟ್ಟೆ ಹೊರೆಯೋನೇ. ಆದರೆ ನನ್ನನ್ನು 'ಉದ್ಯೋಗಿ' ಅಂತಾರೆ. ಆ ಒಂದು ಪದದ ಹಿಂದೆ ಪಿಎಫ್, ರಜೆ, ಗ್ರಾಚ್ಯುಟಿ ಎಲ್ಲ ಸಾಲಾಗಿ ಬರುತ್ತೆ. ಈ ಪದದ ಜಗಳ ಮೊಬೈಲ್ ಜೊತೆ ಹುಟ್ಟಿದ್ದು ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ಅದು ನಮ್ಮಜ್ಜಿ ಕಾಲದ್ದು!

ಅಜ್ಜಿ ಬಂಟ್ವಾಳದ ಹತ್ತಿರ ಬೀಡಿ ಕಟ್ಟುತ್ತಿದ್ದರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರೋದು, ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಕಟ್ಟೋದು, ವಾಪಸ್ ಕೊಡೋದು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಸರಿಯಿಲ್ಲ ಅಂತ ತೆಗೆದುಹಾಕಿದ ಬೀಡಿಗೆ ದುಡ್ಡಿಲ್ಲ. ಈಗಿನ ರೇಟಿಂಗ್ ಇದ್ದ ಹಾಗೇ, ಅಲ್ವಾ?

ಮನೆಯಲ್ಲಿ ಕೂತು, ತನಗೆ ಬೇಕಾದ ಹೊತ್ತಲ್ಲಿ ದುಡಿಯೋರು ನೌಕರರು ಹೇಗಾಗ್ತಾರೆ? ಕೋರ್ಟುಗಳೂ ಇದರಲ್ಲಿ ತಡವರಿಸಿವೆ. 1956ರಲ್ಲಿ ಧ್ರಾಂಗಧ್ರಾದ ಉಪ್ಪಿನ ಗದ್ದೆಯ ಕೆಲಸಗಾರರನ್ನು ಸುಪ್ರೀಂ ಕೋರ್ಟ್ ಕಾರ್ಮಿಕರೇ ಅಂದಿತು. 1958ರಲ್ಲಿ ಚಿಂತಾಮನ್ ರಾವ್ ಮೊಕದ್ದಮೆಯಲ್ಲಿ, ಎಲೆ-ಹೊಗೆಸೊಪ್ಪು ಒಯ್ದು ಹೊರಗೆ ಬೀಡಿ ಕಟ್ಟಿಸಿ ತರುವ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರು, ಫ್ಯಾಕ್ಟರಿ ಕಾಯ್ದೆ ಅವರಿಗಿಲ್ಲ ಅಂದಿತು.

ಗಂಟು ಬಿಚ್ಚಿದ್ದು ಪಾರ್ಲಿಮೆಂಟು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 'ನೌಕರ' ಅನ್ನೋ ಪದವನ್ನೇ ಅಗಲ ಮಾಡಿತು. ಮಾಲೀಕ ಅಥವಾ ಗುತ್ತಿಗೆದಾರನಿಂದ ಸಾಮಗ್ರಿ ಪಡೆದು ಮನೆಯಲ್ಲಿ ಕಟ್ಟುವವರೂ ಅದರೊಳಗೆ ಬಂದರು. ಬೀಡಿ ತಿರಸ್ಕರಿಸಿದರೆ ದೂರು ಕೊಡಲು ಒಂದು ಜಾಗ ಸಿಕ್ಕಿತು. ಬೀಡಿ ಕಂಪನಿಗಳು ಸುಮ್ಮನಿರಲಿಲ್ಲ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಲ್ಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿಎಫ್ ಬಂತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತೆ ಅಂತ 1985ರಲ್ಲಿ ಅದೇ ಕೋರ್ಟ್ ಹೇಳಿತು.

ಈಗ ಆ ಹುಡುಗನ ವಿಷಯಕ್ಕೆ ಬನ್ನಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಗಿಗ್ ಕೆಲಸಗಾರ ಅಂದ್ರೆ ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ 'ಹೊರಗೆ' ದುಡಿಯುವವನು. ನಮ್ಮ ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ಕಲ್ಯಾಣ ಮಂಡಳಿ, ನೋಂದಣಿ, ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಯಿಂದ ಶುಲ್ಕ, ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸು. ಒಳ್ಳೇದೇ, ನಾನು ಅಲ್ಲಗಳೆಯಲ್ಲ. ಆದರೆ ಇದು ಕಲ್ಯಾಣ. 'ನೌಕರ' ಅನ್ನೋ ಪದ ಇನ್ನೂ ಸಿಕ್ಕಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ಊಬರ್ ಚಾಲಕರನ್ನು ಪೂರ್ತಿ ನೌಕರರು ಅನ್ನದಿದ್ದರೂ 'ಕಾರ್ಮಿಕರು' ಅಂದು ಕನಿಷ್ಠ ವೇತನ, ಸಂಬಳದ ರಜೆ ಕೊಡಿಸಿತು.

ಇನ್ನೊಂದು ವಿಚಿತ್ರ ಕೇಳಿ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1966ರ ಬೀಡಿ ಕಾಯ್ದೆ ಅವುಗಳಲ್ಲಿ ಕರಗಿಹೋಯಿತು. ಗಿಗ್ ಕೆಲಸಗಾರನನ್ನು 'ಹೊರಗೆ' ಇಟ್ಟ ವ್ಯಾಖ್ಯೆ ಜಾರಿಯಾದದ್ದೂ ಅದೇ ದಿನ!

ಅಜ್ಜಿಗೆ ಕೊನೆಯವರೆಗೂ ಪಿಎಫ್ ಪಿಂಚಣಿ ಬರುತ್ತಿತ್ತು. ಸಣ್ಣ ಮೊತ್ತ. "ಎಲೆ ಅಡಿಕೆಗೆ ಸಾಕು ಮಗಾ" ಅಂತಿದ್ದರು. ಅದು ಯಾರೋ ಕೊಟ್ಟ ದಾನ ಆಗಿರಲಿಲ್ಲ, ಕಾನೂನಿನ ಒಂದು ಪದದಿಂದ ಬಂದ ಹಕ್ಕು.

ಆ ಹುಡುಗನಿಗೆ ಅರವತ್ತಾದಾಗ ಎಲೆ ಅಡಿಕೆಗೆ ಯಾರು ಕೊಡ್ತಾರೆ? ನೀವೇನಂತೀರ?