770 ಕಂಬ, 1600 ಪಿಕ್ಸೆಲ್

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಹಾಕಿದವರು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ. 500 ಕೋಟಿ ರೂಪಾಯಿ ಯೋಜನೆ, ಏಳೂವರೆ ಎಕರೆ ಜಾಗ, ಆರು ಅಂತಸ್ತು, ಕಲ್ಯಾಣ ಚಾಲುಕ್ಯರ ಶೈಲಿ, 770 ಅಮರಗಣಂಗಳ ನೆನಪಿಗೆ 770 ಕಂಬ, 770 ಆಸನ ಎಂದು ಪತ್ರಿಕೆಗಳು ಬರೆದವು. ಜೊತೆಗೆ ಒಂದು ಚಿತ್ರವನ್ನೂ ಹಾಕಿದವು. ಆ ಹೊತ್ತಿಗೆ ಕಟ್ಟಡ ಎದ್ದೇ ಇರಲಿಲ್ಲವಾದ್ದರಿಂದ ಅದು ಕ್ಯಾಮೆರಾದಲ್ಲಿ ತೆಗೆದ ಚಿತ್ರವಾಗಿರಲು ಸಾಧ್ಯವಿಲ್ಲ.

ಇಂಥ ಚಿತ್ರಕ್ಕೆ ರೆಂಡರ್ ಎನ್ನುತ್ತಾರೆ. ಕಟ್ಟಡದ ಅಳತೆ, ಕಲ್ಲಿನ ಬಣ್ಣ, ಬಿಸಿಲಿನ ದಿಕ್ಕು ಎಲ್ಲವನ್ನೂ ಕಂಪ್ಯೂಟರಿಗೆ ಹೇಳಿದರೆ ಅದು ಲೆಕ್ಕ ಹಾಕಿ ಒಂದೊಂದೇ ಚುಕ್ಕೆಯನ್ನು ತುಂಬುತ್ತದೆ. ಆಮೇಲೆ ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಕೈಕೆಲಸ ನಡೆಯುತ್ತದೆ: ಆಕಾಶ, ಮರ, ಓಡಾಡುವ ಜನ, ನೆರಳು. ಜನರ ದುಡ್ಡಿನಲ್ಲಿ ಏಳುವ ಕಟ್ಟಡವನ್ನು ಜನ ಮೊದಲು ನೋಡುವುದು ಈ ಚಿತ್ರದಲ್ಲೇ. ಹಾಗಾಗಿ ಅದು ಎಷ್ಟು ದೊಡ್ಡದು, ಆ ದೊಡ್ಡದನ್ನು ಯಾರ ಕಂಪ್ಯೂಟರು ತೆರೆಯಬಲ್ಲದು ಎನ್ನುವುದು ಬರೀ ಅಂಗಡಿಯವರ ತಲೆನೋವಲ್ಲ.

ದೊಡ್ಡ ಚಿತ್ರದ ಕಷ್ಟ ಹಳೆಯದು. ಸಿನಿಮಾ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಚಿಕ್ಕ ಫೋಟೋದ ಮೇಲೆ ಚೌಕ ಎಳೆದು, ಗೋಡೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದೇ ತುಂಬುತ್ತಿದ್ದರು. ಮೂಗು ಬರೆಯುವಾಗ ಇಡೀ ಮುಖ ಕಣ್ಣಿಗೆ ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಕಂಪ್ಯೂಟರ್ ಕಂಡುಕೊಂಡದ್ದೂ ಇದನ್ನೇ. ರಾಬರ್ಟ್ ಕುಕ್, ಲೋರೆನ್ ಕಾರ್ಪೆಂಟರ್, ಎಡ್ ಕ್ಯಾಟ್ಮಲ್ 1987ರಲ್ಲಿ ಪ್ರಕಟಿಸಿದ ರೇಯಸ್ ಎಂಬ ವಿಧಾನದಲ್ಲಿ ಚಿತ್ರವನ್ನು ಸಣ್ಣ ಚೌಕಗಳಾಗಿ ಹಂಚಿ, ಒಂದು ಚೌಕ ಮುಗಿದ ಮೇಲೆ ಇನ್ನೊಂದಕ್ಕೆ ಹೋಗುವ ದಾರಿ ಇತ್ತು. ಆಗಿನ ಯಂತ್ರಗಳ ಮೆಮೊರಿಗೆ ಇಡೀ ದೃಶ್ಯವನ್ನು ಹೊರುವ ಶಕ್ತಿ ಇರಲಿಲ್ಲ.

1990ರಲ್ಲಿ ಬಂದ ಫೋಟೋಶಾಪ್ ಮೆಮೊರಿಯಲ್ಲಿ ಹಿಡಿಯದ್ದನ್ನು ಹಾರ್ಡ್ ಡಿಸ್ಕಿಗೆ ತಳ್ಳುತ್ತಿತ್ತು. ಅದಕ್ಕೆ ಸ್ಕ್ರ್ಯಾಚ್ ಡಿಸ್ಕ್ ಎಂದು ಹೆಸರು. 'ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ' ಎಂಬ ಸಂದೇಶವನ್ನು ನಡುರಾತ್ರಿ ನೋಡದ ಡಿಟಿಪಿ ಅಂಗಡಿ ಯಾವ ಊರಲ್ಲೂ ಇರಲಾರದು. ಅದೇ ದಶಕದ ಲೈವ್ ಪಿಕ್ಚರ್ ಎಂಬ ತಂತ್ರಾಂಶ ಇನ್ನೂ ಜಾಣ. ನೀವು ಚಿಕ್ಕ ನಕಲಿನ ಮೇಲೆ ತಿದ್ದುತ್ತ ಹೋದರೆ ಅದು ತಿದ್ದಿದ್ದನ್ನೆಲ್ಲ ಲೆಕ್ಕವಾಗಿ ಬರೆದಿಟ್ಟುಕೊಂಡು ಕೊನೆಗೆ ಒಮ್ಮೆ ದೊಡ್ಡ ಚಿತ್ರಕ್ಕೆ ಹಚ್ಚುತ್ತಿತ್ತು. ಅದು ಮಾರುಕಟ್ಟೆಯಲ್ಲಿ ಉಳಿಯಲಿಲ್ಲ.

ಫೋಟೋಶಾಪಿನಲ್ಲಿ ಚಿತ್ರದ ಯಾವ ಬದಿಯೂ 30,000 ಪಿಕ್ಸೆಲ್ ದಾಟುವಂತಿರಲಿಲ್ಲ. 2003ರ ಸಿಎಸ್ ಆವೃತ್ತಿಯಲ್ಲಿ ಅದು 3,00,000ಕ್ಕೆ ಏರಿತು, ಪಿಎಸ್‌ಬಿ ಎಂಬ ಹೊಸ ಫೈಲು ಬಂತು. ಹಳೆಯ ಪಿಎಸ್‌ಡಿ ಫೈಲು 2 ಜಿಬಿ ಮೀರುವಂತಿಲ್ಲ. ಜೆಪೆಗ್ ಒಂದು ಬದಿಗೆ 65,535ಕ್ಕಿಂತ ಹೆಚ್ಚು ಎಣಿಸಲಾರದು. ಹೆಚ್ಚು ಮೆಮೊರಿ ಬಳಸಬಲ್ಲ 64 ಬಿಟ್ ಫೋಟೋಶಾಪ್ ವಿಂಡೋಸಿಗೆ ಬಂದದ್ದು 2008ರಲ್ಲಿ. ಸಿನಿಮಾದವರು ಬೇರೆ ದಾರಿ ಹಿಡಿದರು. ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಸಂಸ್ಥೆ 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಓಪನ್‌ಇಎಕ್ಸ್‌ಆರ್ ಫೈಲಿನಲ್ಲಿ ಚಿತ್ರವನ್ನು ಚೌಕಗಳಾಗಿಯೇ ಇಡಬಹುದು, ಅದರ ಚಿಕ್ಕ ನಕಲುಗಳನ್ನೂ ಜೊತೆಗೇ ಇಡಬಹುದು. ಮತ್ತೆ ಪೇಂಟರಿನ ಚೌಕವೇ.

ಈಗ ಒಂದು ಲೆಕ್ಕ. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸಿಗೆ ಅಂಗುಲಕ್ಕೆ 300 ಚುಕ್ಕೆ ಇಟ್ಟರೆ 72,000 ಗುಣಿಸು 36,000 ಪಿಕ್ಸೆಲ್. ಜೆಪೆಗ್ ಆಗುವುದೇ ಇಲ್ಲ. ಒಂದೇ ಪದರ ಸುಮಾರು 7.8 ಜಿಬಿ. 100 ಚುಕ್ಕೆ ಸಾಕು ಎಂದರೂ, 16 ಬಿಟ್ ಬಣ್ಣದಲ್ಲಿ ಒಂದು ಪದರಕ್ಕೆ ಸುಮಾರು 1.7 ಜಿಬಿ. ಆಕಾಶ, ಮರ, ಜನ ಅಂತ ಐದು ಪದರ ಹಾಕಿದರೆ 8 ಜಿಬಿ ರ‍್ಯಾಮ್ ಇರುವ ಯಂತ್ರ ಮೊಣಕಾಲೂರುತ್ತದೆ. ರಸ್ತೆಯಾಚೆಯಿಂದ ನೋಡುವ ಫ್ಲೆಕ್ಸಿಗೆ ನಿಜವಾಗಿ 30ರಿಂದ 70 ಚುಕ್ಕೆ ಸಾಕು. ಪೇಂಟರಿಗೆ ಇದು ಗೊತ್ತಿತ್ತು, ಅದಕ್ಕೇ ಅವನ ಕುಂಚ ದಪ್ಪ. 300 ಎಂಬ ಅಂಕಿ ಪುಸ್ತಕ ಮುದ್ರಣದಿಂದ ಬಂದು ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಸುಮ್ಮನೆ ಕೂತಿದೆ.

ಬಸವಕಲ್ಯಾಣ, ಹುಮನಾಬಾದಿನಂಥ ಊರಿಗೆ ಚಿತ್ರ ಬರುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ. 2021ರಲ್ಲಿ ಅದು ಫೋಟೋವನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸಿ ಕಳಿಸುತ್ತಿತ್ತು. ಅದನ್ನು 20 ಅಡಿಗೆ ಹಿಗ್ಗಿಸಿದರೆ ಅಂಗುಲಕ್ಕೆ ಏಳು ಚುಕ್ಕೆಯೂ ಇಲ್ಲ. 770 ಕಂಬಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದೊಂದಕ್ಕೆ ಎರಡು ಪಿಕ್ಸೆಲ್ ಸಿಕ್ಕೀತು. ಕಂಬ ಗುಂಡಗಿದೆಯೋ ಚೌಕವೋ, ಕಲ್ಲಿನದೋ ಕಾಂಕ್ರೀಟಿನದೋ ಹೇಳಲು ಆಗುವುದಿಲ್ಲ.

'ಕಲ್ಯಾಣ ಚಾಲುಕ್ಯ ಶೈಲಿ' ಎಂಬ ಮಾತನ್ನು ಪರೀಕ್ಷಿಸಲು ಬೇಕಾದ್ದು ಈ ವಿವರವೇ. ಹುಮನಾಬಾದ್ ತಾಲೂಕಿನ ಜಲಸಂಗಿಯ ದೇವಸ್ಥಾನದ ಗೋಡೆಗೆ ಹೋಗಿ ನೋಡಿ. ಅಲ್ಲೊಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ದೂರದಿಂದ ಅವಳ ಬಳುಕು ಕಾಣುತ್ತದೆ, ಹತ್ತಿರ ಹೋದರೆ ಒಡವೆ, ಇನ್ನೂ ಹತ್ತಿರ ಹೋದರೆ ಅಕ್ಷರ. ಆ ಶೈಲಿಯ ಗುಣವೇ ಹತ್ತಿರ ಹೋದಷ್ಟೂ ಕೆಲಸ ಕಾಣುವುದು. ಮಸುಕು ಚಿತ್ರದಲ್ಲಿ ಒಂದು ಶಿಖರ, ನಾಲ್ಕು ಕಮಾನು ಇದ್ದರೆ ಯಾವ ಕಟ್ಟಡವೂ ಚಾಲುಕ್ಯರದ್ದಾಗಿಬಿಡುತ್ತದೆ.

ಇದಕ್ಕೆ ಯಂತ್ರದ ಅಡ್ಡಿ ಈಗ ಇಲ್ಲ. ಗೂಗಲ್ ಮ್ಯಾಪ್ಸ್ 2005ರಿಂದ ಇಡೀ ಭೂಮಿಯ ನಕಾಶೆಯನ್ನು ಚೌಕಗಳಾಗಿ ಕತ್ತರಿಸಿಟ್ಟು, ಕೈಯಲ್ಲಿರುವ ಸಾಧನಕ್ಕೆ ಬೇಕಾದಷ್ಟೇ ಚೌಕ ಕಳಿಸುತ್ತಿದೆ. ಸರ್ಕಾರಿ ಕಟ್ಟಡಗಳ ರೆಂಡರನ್ನೂ ಹಾಗೆಯೇ ಪೂರ್ತಿ ಗಾತ್ರದಲ್ಲಿ ಇಲಾಖೆಯ ಜಾಲತಾಣದಲ್ಲಿ ಇಡಬಹುದು, ಜೊತೆಗೆ ಯಾವ ಪದರ ನಕ್ಷೆಯಿಂದ ಬಂತು, ಯಾವುದು ಆಮೇಲೆ ಅಂಟಿಸಿದ್ದು ಎಂಬ ಒಂದು ಸಾಲನ್ನೂ ಬರೆಯಬಹುದು. ಮುಂದೆ ಯಾವುದಾದರೂ ಅಡಿಗಲ್ಲಿನ ಸುದ್ದಿಗೆ ಹೋದಾಗ ನಮ್ಮಲ್ಲಿ ಯಾರಾದರೂ ಕೈ ಎತ್ತಿ ಆ ಫೈಲು ಎಷ್ಟು ಪಿಕ್ಸೆಲ್ಲಿನದು, ಎಲ್ಲಿ ಸಿಗುತ್ತದೆ ಅಂತ ಕೇಳಿ.