ಹರಳಿನ ಮೇಲೆ ಕೂರುವ ಇಲಿ

ಕೆಂಪು ಗರಸಿನ ದಿಣ್ಣೆ. ಅದರ ಮಗ್ಗುಲಲ್ಲೊಂದು ಬಿಲ. ಇಲಿ ಒಳಗಿದ್ದರೆ ಬಿಲದ ಬಾಯಿಗೆ ಹರಳು ತುಂಬಿ ಮುಚ್ಚಿರುತ್ತದೆ. ಹೊರಗೆ ಬಿದ್ದ ಹರಳಿನ ಗುಪ್ಪೆ ಕಂಡರೆ ಮನೆ ಯಾರದೆಂದು ಗೊತ್ತಾಗುತ್ತದೆ. ಒಳಗಿನ ಗೂಡಿನಲ್ಲೂ ಹರಳಿನದೇ ಹಾಸಿಗೆ, ಅದರ ಮೇಲೆ ಇಲಿ ಕೂತಿರುತ್ತದೆ. ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ ವಾಲ್ಟರ್ ಎಲಿಯಟ್ ಕೊಟ್ಟ ಚಿತ್ರ ಇದು. 1824ರಲ್ಲಿ ಕಿತ್ತೂರು ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬರು, ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿದವರು, ಇದೇ ಎಲಿಯಟ್.

ಆದರೆ ಇಲಿಯ ಹೆಸರು ಅವರದಲ್ಲ, ವಡ್ಡರದು. ಕಲ್ಲು ಒಡೆದು, ಕೆರೆ ಬಾವಿ ತೋಡಿ ಬದುಕಿದ ಆ ಸಮುದಾಯ ಅದನ್ನು ‘ಲೆಗ್ಯಡೆ’ ಎನ್ನುತ್ತಿತ್ತು. ಕಲ್ಲಿಲಿ ಎಂಬರ್ಥದ ‘ಕಲ್ ಯೆಲ್ಕ’ ಎಂಬ ಹೆಸರೂ ದಾಖಲಾಗಿದೆ. ಬಿಲದ ಒಳಮನೆಯನ್ನು ನೆಲ ಅಗೆಯುವವರಲ್ಲದೆ ಮತ್ತಾರು ನೋಡಿಯಾರು? ಎಲಿಯಟ್ ಬರೆದದ್ದರಲ್ಲಿ ಅವರ ಅರಿವಿನ ಪಾಲು ದೊಡ್ಡದೆಂದೇ ನನ್ನ ನಂಬಿಕೆ. 1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಆ ಹೆಸರನ್ನೇ ಲ್ಯಾಟಿನ್ ರೂಪಕ್ಕೆ ತಿರುಗಿಸಿ ‘ಲೆಗ್ಗಾಡ’ ಎಂಬ ಕುಲ ಕಟ್ಟಿದರು. ಆಫ್ರಿಕಾದ ಕಿರು ಇಲಿಗಳೂ ಬಹುಕಾಲ ಅದೇ ಕುಲದಲ್ಲಿದ್ದವು. ವಡ್ಡರ ಗುದ್ದಲಿಯ ಬದಿಯಲ್ಲಿ ಹುಟ್ಟಿದ ಮಾತು ಹೀಗೆ ಕಡಲು ದಾಟಿ ಇನ್ನೊಂದು ಖಂಡದ ಪ್ರಾಣಿಗೂ ಹೆಸರಾಯಿತು. ಈಗ ಎಲ್ಲವೂ ‘ಮಸ್’ ಕುಲಕ್ಕೆ ಸೇರಿವೆ.

ಈ ಇಲಿಗೆ ಶಾಸ್ತ್ರೀಯ ಹೆಸರು ಅದಕ್ಕೂ ಮೊದಲೇ ಬಂದಿತ್ತು. ಕರ್ನಲ್ ಸೈಕ್ಸ್ ದಖ್ಖನ್ನಿನಲ್ಲಿ ಸಂಗ್ರಹಿಸಿದ್ದ ಮಾದರಿಯನ್ನು ನೋಡಿ 1832ರಲ್ಲಿ ಬೆನೆಟ್ ಇಟ್ಟದ್ದು ‘ಪ್ಲಾಟಿತ್ರಿಕ್ಸ್’: ಚಪ್ಪಟೆ ಕೂದಲಿನದು. ಬೆನ್ನಿನ ಕಂದು ರೋಮದ ನಡುವೆ ಚಪ್ಪಟೆಯಾದ ಗಡುಸು ಮುಳ್ಳುಗಳಿವೆ, ಹೊಟ್ಟೆ ಬಿಳುಪು. ಕುರುಚಲು ಕಾಡಿನ ಒಣನೆಲವೇ ಇದರ ಬೀಡು.

ಮುಂದಿನ ಹಲವು ದಶಕ ಹೊಸ ಮಾತು ಹೆಚ್ಚಿಲ್ಲ. 1867ರಲ್ಲಿ ಜೆರ್ಡನ್, 1884ರಲ್ಲಿ ಸ್ಟರ್ನ್‌ಡೇಲ್ ತಮ್ಮ ಪುಸ್ತಕಗಳಲ್ಲಿ ಎಲಿಯಟ್ಟರ ಹರಳಿನ ಕಥೆಯನ್ನೇ ಮತ್ತೆ ಹೇಳಿದರು. 1911ರಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಸ್ತನಿಗಳ ಸಮೀಕ್ಷೆ ಶುರು ಮಾಡಿದಾಗ ಶಾರ್ಟ್‌ರಿಜ್ ಧಾರವಾಡ, ಕೊಡಗು ಮುಂತಾದೆಡೆ ಸಾವಿರಾರು ಚರ್ಮಗಳನ್ನು ಕೂಡಿಹಾಕಿದರು. ಆ ರಾಶಿಯಿಂದ ಪ್ರಭೇದಗಳ ಗಡಿ ತಿಳಿಯಾಯಿತು, ಬಿಲದ ಒಳಗಿನ ಬಾಳು ತಿಳಿಯಲಿಲ್ಲ. ಮುಳ್ಳಿಲಿಗಳೆಲ್ಲ ‘ಪೈರೊಮಿಸ್’ ಎಂಬ ಉಪಕುಲದಲ್ಲಿ ಒಟ್ಟಾಗಿ ನಿಂತದ್ದು 1977ರ ಮಾರ್ಷಲ್ಲರ ಪರಿಶೀಲನೆಯಲ್ಲಿ.

ಅಷ್ಟರಲ್ಲಿ ನೋಟ ಚರ್ಮದಿಂದ ಜೀವಕೋಶಕ್ಕೆ ಇಳಿದಿತ್ತು. ಮನೆಯಿಲಿಗೆ 40 ವರ್ಣತಂತುಗಳಿದ್ದರೆ ಹರಳಿನ ಮೇಲೆ ಕೂರುವ ಈ ಮುಳ್ಳಿಲಿಗೆ 26. ಒಂದೇ ಎಂದುಕೊಂಡಿದ್ದ ಹೊಲದ ಇಲಿಗಳು ನಿಜಕ್ಕೂ ಎರಡು ಪ್ರಭೇದ ಎಂದು 1968ರಲ್ಲಿ ಮಾಥೆ ಮತ್ತು ಪೆಟ್ಟರ್ ವರ್ಣತಂತುಗಳಿಂದಲೇ ತೋರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರೂ ಈ ಇಲಿಗಳ ವರ್ಣತಂತುಗಳ ಮೇಲೆ ದುಡಿದರು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಮಧುರೆಯ ಕೆಲಸದ ಮೇಲೆ. ಗ್ರೇ ಹೆಸರಿಟ್ಟ ಇನ್ನೊಂದು ಪುಟ್ಟ ಇಲಿ, ಇವತ್ತಿನ ‘ಮಸ್ ಬೂಡುಗ’, ಹೊಲದ ಬದುಗಳಲ್ಲಿ ಬಿಲ ತೋಡಿಕೊಂಡು ಬಾಳುವಂಥದು. ಮಧುರೆ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ. ಕೆ. ಚಂದ್ರಶೇಖರನ್ ಮತ್ತು ವಿಶ್ವನಾಥನ್ ಅದರ ಮರಿಗಳನ್ನು ಹಗಲು ರಾತ್ರಿಯ ಸುಳಿವೇ ಸಿಗದಂತೆ ಇಟ್ಟರು. ತಾಯಿಯನ್ನು ಹನ್ನೆರಡು ಗಂಟೆ ಜೊತೆಗೆ ಬಿಟ್ಟು, ಮುಂದಿನ ಹನ್ನೆರಡು ಗಂಟೆ ಬೇರೆ ಮಾಡಿದರು. ಮರಿಗಳ ಮೈಯೊಳಗಿನ ಗಡಿಯಾರ ಅದಕ್ಕೆ ಹೊಂದಿಕೊಂಡಿತು: ತಾಯಿ ಇದ್ದಷ್ಟು ಹೊತ್ತು ಹಗಲು, ತಾಯಿ ಹೋದರೆ ರಾತ್ರಿ. 1985ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ರಾತ್ರಿ ಮೇಯಲು ಹೋಗಿ ಹಗಲು ಬಿಲದಲ್ಲಿ ಹಾಲೂಡುವ ತಾಯಿಯೇ ಕತ್ತಲ ಗೂಡಿಗೆ ಸೂರ್ಯನಾಗುತ್ತಾಳೆ. ಮುಂದೆ ಚಂದ್ರಶೇಖರನ್ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದರು, ಇಲಿಯ ಕೆಲಸವೂ ಜೊತೆಗೆ ಬಂತು.

ಹರಳಿನ ಮಾತಿಗೆ ಮರಳುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲೂ ಬಿಲದ ಬಾಯಲ್ಲಿ ಹರಳು ಒಟ್ಟುವ ಇಲಿಯಿದೆ. ಗಣಿ ಅಗೆಯುವ ಮೊದಲಿನ ಪರಿಸರ ಸಮೀಕ್ಷೆಗಳಲ್ಲಿ ಆ ಗುಪ್ಪೆಗಳನ್ನು ಹುಡುಕಿ ಗುರುತಿಸುತ್ತಾರೆ. ನಮ್ಮಲ್ಲಿ ಕುರುಚಲು ನೆಲ ಸರ್ಕಾರಿ ನಕ್ಷೆಯಲ್ಲಿ ‘ಪಾಳುಭೂಮಿ’ಯ ಪಟ್ಟಿಗೆ ಸೇರುತ್ತದೆ. ಗರಸು ದಿಣ್ಣೆಯೆಂದರೆ ರಸ್ತೆಗೆ ಹಾಕುವ ಮಣ್ಣು, ಯಂತ್ರ ಬಂದು ಒಂದೇ ದಿನಕ್ಕೆ ಬಗೆದುಕೊಂಡು ಹೋಗುತ್ತದೆ. ಗದುಗಿನ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಎಲಿಯಟ್ ತಿರುಗಾಡಿದ ಸೀಮೆಯಲ್ಲೇ ಇರುವ ಆ ಕುರುಚಲು ಗುಡ್ಡದಲ್ಲಿ, ಮಣ್ಣಿನ ಕೆಲಸ ಬಲ್ಲ ಒಬ್ಬ ವಡ್ಡರ ಹಿರಿಯರನ್ನು ಜೊತೆಗೆ ಕರೆದುಕೊಂಡು, ಹರಳು ಒಟ್ಟಿದ ಬಿಲಗಳನ್ನು ಹುಡುಕುತ್ತ ಒಂದು ಚಳಿಗಾಲ ಕಳೆಯಬೇಕೆಂಬ ಆಸೆ ನನಗಿದೆ.