ಗೋಮಾಳದ ಗಾಳಿ, ಪಟ್ಟಾ ಗಾಳಿ

ಮೊನ್ನೆ ತೆಕ್ಕಲಕೋಟೆಗೆ ಹೋದಾಗ ನಮ್ಮ ಕೇಬಲ್ ಅಣ್ಣನ ಮಾಳಿಗೆ ಹತ್ತಿದ್ದೆ. ಕಬ್ಬಿಣದ ಪೈಪಿಗೆ ಬಿಗಿದ ನಾಲ್ಕಾರು ಬಿಳಿ ಡಿಶ್‌ಗಳು. ಅಲ್ಲಿಂದ ಭತ್ತದ ಗದ್ದೆಗಳ ಮೇಲೆ ಹಾಯ್ದು ಪಕ್ಕದ ಹಳ್ಳಿಗಳಿಗೆ ಇಂಟರ್ನೆಟ್ ಹೋಗುತ್ತೆ. "ನಮ್ಮ ಸಿಗ್ನಲ್ ಮ್ಯಾಲೆ ಬ್ಯಾರೆಯೋರ ಸಿಗ್ನಲ್ ಬಂದು ಬೀಳ್ತಾವ ತಮ್ಮಾ. ರೊಕ್ಕ ಕಟ್ಟಿದ್ರೆ ನಮಗೂ ಸ್ವಂತದ್ದು ಕೊಡಲ್ಲೇನು?" ಅಂತ ಕೇಳಿದ್ರು. ಇಂಜಿನಿಯರ್ ಅನ್ನಿಸಿಕೊಂಡವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ಬಂದವನೇ ಹಳೇ ಹರಾಜಿನ ಲೆಕ್ಕ ತೆಗೆದು ಕೂತೆ.

ಅಣ್ಣ ಬಳಸೋದು ಲೈಸೆನ್ಸ್ ಬೇಡದ ತರಂಗಾಂತರ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಹೀಗೆ ಮುಕ್ತವಾಗಿದ್ದು 2005ರಲ್ಲಿ. 5 ಗಿಗಾಹರ್ಟ್ಸ್ ಸುತ್ತಲಿನ ದೊಡ್ಡ ಭಾಗ, ಒಟ್ಟು 605 ಮೆಗಾಹರ್ಟ್ಸ್, ತೆರೆದುಕೊಂಡಿದ್ದು 2018ರ ಅಕ್ಟೋಬರಿನಲ್ಲಿ. ಇದನ್ನು ಊರ ಗೋಮಾಳ ಅನ್ನಿ. ಯಾರು ಬೇಕಾದರೂ ದನ ಬಿಡಬಹುದು, ಆದರೆ ಪಕ್ಕದವನ ದನ ಜಾಸ್ತಿ ಮೇಯ್ತು ಅಂತ ದೂರು ಕೊಡೋ ಹಾಗಿಲ್ಲ. ಸ್ವಂತ ಪಟ್ಟಾ ಬೇಕಂದ್ರೆ ಹರಾಜಿಗೇ ಹೋಗಬೇಕು.

ಬ್ರಾಡ್‌ಬ್ಯಾಂಡಿಗೆ ಅಂತಲೇ ಅಂಥ ಹರಾಜು ನಡೆದದ್ದು 2010ರ ಮೇ 24ರಿಂದ ಜೂನ್ 11ರವರೆಗೆ. 2300 ಮೆಗಾಹರ್ಟ್ಸ್ ಬ್ಯಾಂಡು, 22 ಸರ್ಕಲ್, ಸರ್ಕಲ್ಲಿಗೆ ಎರಡೆರಡು ತುಂಡು. ಇಲ್ಲೇ ಇರೋದು ಕಥೆ. ಕರ್ನಾಟಕ ಅಂದರೆ ಒಂದೇ ಸರ್ಕಲ್! ಇಂಟರ್ನೆಟ್ ಸೇವೆಯ ಲೈಸೆನ್ಸು ಸುಮಾರು ಒಂದು ಜಿಲ್ಲೆಯ ಅಳತೆಗೂ ಸಿಗುತ್ತಿತ್ತು. ಆದರೆ ಹರಾಜಿನ ತರಂಗಾಂತರಕ್ಕೆ ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು ಅನ್ನೋ ಲೆಕ್ಕವೇ ಇರಲಿಲ್ಲ. ಮೂರೆಕರೆ ಭತ್ತ ಬೆಳೆಯೋನಿಗೆ "ಕೊಂಡರೆ ಇಡೀ ರಾಜ್ಯ ಕೊಳ್ಳಪ್ಪ" ಅಂದ ಹಾಗೆ.

ಕರ್ನಾಟಕದ ಒಂದು ತುಂಡಿನ ಮೂಲ ಬೆಲೆ 160 ಕೋಟಿ ಇತ್ತು. ಕೊನೆಗೆ ನಿಂತದ್ದು ಸುಮಾರು 1,543 ಕೋಟಿಗೆ. ಒಂದು ಏರ್‌ಟೆಲ್‌ಗೆ, ಇನ್ನೊಂದು ಇನ್ಫೋಟೆಲ್‌ಗೆ. ಈ ಇನ್ಫೋಟೆಲ್ ಹೆಸರಿಗೆ ಒಂದು ಇಂಟರ್ನೆಟ್ ಸೇವಾ ಕಂಪನಿ. ಅದು 12,848 ಕೋಟಿಗೆ 22 ಸರ್ಕಲ್ಲನ್ನೂ ಗೆದ್ದಿತು! ಹರಾಜು ಮುಗಿದ ದಿನವೇ ಅದರ ಶೇ. 95 ಪಾಲನ್ನು 4,800 ಕೋಟಿಗೆ ತೆಗೆದುಕೊಳ್ಳೋದಾಗಿ ರಿಲಯನ್ಸ್ ಘೋಷಿಸಿತು. 2016ರಲ್ಲಿ ಬಂದ ಜಿಯೋ ಅದೇ.

ನಿಜಕ್ಕೂ ಗೋಮಾಳದಲ್ಲೇ ವ್ಯಾಪಾರ ಶುರು ಮಾಡಿದ್ದ ತಿಕೋನಾ ಅನ್ನೋ ಕಂಪನಿ 1,058 ಕೋಟಿಗೆ ಐದು ಸರ್ಕಲ್ ಗೆದ್ದಿತ್ತು. ಗುಜರಾತ್, ರಾಜಸ್ಥಾನ, ಹಿಮಾಚಲ, ಉತ್ತರಪ್ರದೇಶದ ಎರಡೂ ಭಾಗ. 2017ರಲ್ಲಿ ಆ ತರಂಗಾಂತರ ಏರ್‌ಟೆಲ್ ಪಾಲಾಯಿತು. ಅಷ್ಟರಲ್ಲಿ ಕ್ವಾಲ್‌ಕಾಮ್, ಆಜೆರ್, ಏರ್‌ಸೆಲ್ ಗೆದ್ದಿದ್ದೂ ಏರ್‌ಟೆಲ್ ಜೊತೆಗಿನ ಒಪ್ಪಂದಗಳಲ್ಲಿ ಕೈ ಬದಲಾಯಿಸಿತ್ತು. ಗೆದ್ದವರು ಆರು, ಉಳಿದವರು ಎರಡು.

ಅಮೆರಿಕದಲ್ಲೂ ಇದೇ ಜಗಳ ಆಗಿತ್ತು. ಅಲ್ಲಿ 3.5 ಗಿಗಾಹರ್ಟ್ಸ್ ಬ್ಯಾಂಡನ್ನು ಜನಗಣತಿಯ ಪುಟ್ಟ ಪುಟ್ಟ ಟ್ರ್ಯಾಕ್ಟುಗಳಾಗಿ ಹಂಚೋದು ಅಂತ 2015ರಲ್ಲಿ ನಿಯಮ ಮಾಡಿದ್ದರು. ದೊಡ್ಡ ಕಂಪನಿಗಳು ಪಟ್ಟು ಹಿಡಿದವು, ಸಣ್ಣವರು ವಿರೋಧಿಸಿದರು. 2018ರಲ್ಲಿ ಅಳತೆ ಕೌಂಟಿಗೆ ಏರಿತು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರದ್ದು. ಹಾಗಿದ್ದರೂ 2020ರ ಹರಾಜಿನಲ್ಲಿ ಗೆದ್ದವರ ಸಂಖ್ಯೆ 228! ಯಾರೂ ಕೊಳ್ಳದ, ಬಳಸದ ಜಾಗದಲ್ಲಿ ಉಳಿದವರು ದುಡ್ಡಿಲ್ಲದೆ ಬಳಸಬಹುದು ಅನ್ನೋ ನಿಯಮವೂ ಇದೆ.

ಹರಾಜೇ ತಪ್ಪು ಅಂತ ನಾನು ಹೇಳ್ತಿಲ್ಲ. 2010ರ ಆ ಹರಾಜಿನಿಂದ ಸರ್ಕಾರಕ್ಕೆ ಸುಮಾರು 38,543 ಕೋಟಿ ಬಂತು. ತುಂಡು ಚಿಕ್ಕದಾದಷ್ಟೂ ಗಡಿಯಲ್ಲಿ ಸಿಗ್ನಲ್ ತಕರಾರು ಜಾಸ್ತಿ, ಅದೂ ನಿಜ. ನನ್ನ ತಕರಾರು ಇಷ್ಟೇ: ಯಾರು ಗೆಲ್ತಾರೆ ಅನ್ನೋದು ಹರಾಜಿನ ಕೂಗಿನಲ್ಲಿ ಅಲ್ಲ, ಅದಕ್ಕೂ ಮೊದಲು ನಕ್ಷೆ ಮೇಲೆ ಗೆರೆ ಎಳೆದಾಗಲೇ ತೀರ್ಮಾನ ಆಗಿರುತ್ತೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಒಬ್ಬರಿಗೆ ಕೊಟ್ಟ ತರಂಗಾಂತರದ ಒಂದು ಭಾಗವನ್ನು ಇನ್ನೊಬ್ಬರಿಗೂ ಕೊಡಲು ಅವಕಾಶ ಇಟ್ಟಿದ್ದಾರೆ. ಅದು ಊರಿನ ಅಳತೆಗೆ ಇಳಿದರೆ ಮಾತ್ರ ನಮ್ಮಂಥ ಕಡೆ ಉಪಯೋಗ.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಗೋಮಾಳನಾದ್ರೂ ಮಾರದಂಗೆ ನೋಡ್ಕಳ್ರಪ" ಅಂದ್ರು.

ನಿಮ್ಮೂರ ಮಾಳಿಗೆ ಮೇಲೂ ಇಂಥ ಡಿಶ್‌ಗಳಿವೆಯಾ? ಒಮ್ಮೆ ಹತ್ತಿ ನೋಡಿ.